ಹಳೆ ಲ್ಯಾಪ್‌ಟಾಪ್‌ಗೆ ಎಸ್‌ಎಸ್‌ಡಿ: ನಾಲ್ಕು ದಿನದ ದಾಖಲೆ

ಮೊದಲ ದಿನ

ಲ್ಯಾಪ್‌ಟಾಪ್ 2018ರದ್ದು. ಇಂಟೆಲ್ 8ನೇ ತಲೆಮಾರಿನ ಐ5, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ಪವರ್ ಬಟನ್ ಒತ್ತಿ ಬ್ರೌಸರ್‌ನಲ್ಲಿ ಒಂದು ಪುಟ ಕಾಣೋ ಹೊತ್ತಿಗೆ 5 ನಿಮಿಷ 40 ಸೆಕೆಂಡ್ ಆಯಿತು. ಫೋನಿನ ಸ್ಟಾಪ್‌ವಾಚ್ ಇಟ್ಟು ಅಳೆದದ್ದು. ‘ಪ್ರೊಸೆಸರ್‌ಗೆ ವಯಸ್ಸಾಯಿತು, ಹೊಸದು ತಗೋ’ ಅಂತ ಕೇಳಿದವರೆಲ್ಲ ಹೇಳಿದರು. ನನಗೆ ಮನಸ್ಸು ಒಪ್ಪಲಿಲ್ಲ.

ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದೆ. ಪ್ರೊಸೆಸರ್ ಬಳಕೆ 8 ಪರ್ಸೆಂಟ್. ಡಿಸ್ಕ್ ಮಾತ್ರ 100. ಆದರೆ ಅದೇ ಡಿಸ್ಕ್ ಓದುತ್ತಿದ್ದ ವೇಗ ಸೆಕೆಂಡಿಗೆ 1 ಎಂಬಿ ಕೂಡ ಇಲ್ಲ. ಇಷ್ಟು ದುಡಿದು ಇಷ್ಟೇನಾ ಅಂತ ನನಗೂ ಅನ್ನಿಸಿತು.

ಲೆಕ್ಕ ಹಾಕಿದಾಗ ವಿಷಯ ತಿಳಿಯಿತು. ಈ ಡಿಸ್ಕ್ ನಿಮಿಷಕ್ಕೆ 5400 ಸುತ್ತು, ಅಂದರೆ ಸೆಕೆಂಡಿಗೆ 90 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್. ನಮಗೆ ಬೇಕಾದ ಜಾಗ ಹೆಡ್‌ನ, ಅಂದರೆ ಓದುವ ಭಾಗದ, ಕೆಳಗೆ ಬರೋಕೆ ಸರಾಸರಿ ಅರ್ಧ ಸುತ್ತು ಕಾಯಬೇಕು. ಅದಕ್ಕೂ ಮುಂಚೆ ಹೆಡ್ ಅತ್ತಿಂದಿತ್ತ ಸರಿದು ಸರಿಯಾದ ಸಾಲಿಗೆ ಬರಬೇಕು. ಅದಕ್ಕೆ ಇನ್ನೊಂದು 10–12 ಮಿಲಿಸೆಕೆಂಡ್. ಹೀಗೆ ಬೇರೆ ಬೇರೆ ಜಾಗದಿಂದ ಓದುವುದಾದರೆ ಸೆಕೆಂಡಿಗೆ ಅರವತ್ತು ಸಲ ಓದಿದರೆ ಹೆಚ್ಚು. ಒಂದೊಂದು ಸಲಕ್ಕೆ 4 ಕೆಬಿ ಸಿಕ್ಕಿದರೆ ಒಟ್ಟು ಎಷ್ಟಾಯಿತು ನೋಡಿ: 240 ಕೆಬಿ! ವಿಂಡೋಸ್ ಶುರುವಾಗುವಾಗ ಬೇಕಾಗುವುದು ಇಂಥ ಸಾವಿರಾರು ಚೂರುಗಳೇ. ದೊಡ್ಡ ಸಿನಿಮಾ ಫೈಲ್ ಒಂದನ್ನು ಸಾಲಾಗಿ ಓದುವಾಗ ಇದೇ ಡಿಸ್ಕ್ ಸೆಕೆಂಡಿಗೆ 100 ಎಂಬಿ ಕೊಡುತ್ತದೆ. ಇದರ ಬದಲು ಹಾಕಬೇಕೆಂದಿರುವ ಎಸ್‌ಎಸ್‌ಡಿ ಚಿಪ್‌ಗಳಲ್ಲೇ ಮಾಹಿತಿ ಇಡುವ ಡ್ರೈವ್. ಅದರಲ್ಲಿ ತಿರುಗುವುದು, ಸರಿಯುವುದು ಏನೂ ಇಲ್ಲ. ಯಾವ ಜಾಗಕ್ಕಾದರೂ ಒಂದು ಮಿಲಿಸೆಕೆಂಡ್‌ನ ಹತ್ತನೇ ಒಂದು ಭಾಗದಷ್ಟು ಹೊತ್ತು ಸಾಕು. ಪ್ರೊಸೆಸರ್ ಪಾಪ, ಇಷ್ಟು ವರ್ಷ ಸುಮ್ನೆ ಕಾಯುತ್ತಾ ಕೂತಿತ್ತು.

ಸಂಜೆ ಡಿಸ್ಕ್‌ನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿದೆ. ಹಳದಿ ಬಣ್ಣದ ಎಚ್ಚರಿಕೆ. ಪೆಂಡಿಂಗ್ ಸೆಕ್ಟರ್ ಸಾಲಿನಲ್ಲಿ ಸೊನ್ನೆ ಇರಬೇಕಿತ್ತು, ಇರಲಿಲ್ಲ. ಓದಲಾಗದೆ ಡಿಸ್ಕ್ ಗುರುತು ಹಾಕಿಟ್ಟುಕೊಂಡಿರುವ ಜಾಗಗಳ ಲೆಕ್ಕ ಅದು. ಅಂದರೆ ಇದು ಬರೀ ನಿಧಾನವಾಗಿಲ್ಲ, ಕೆಡುತ್ತಲೂ ಇದೆ. ಪ್ಲಾನ್ ಅಲ್ಲೇ ಬದಲಾಯಿತು. ಮೊದಲು ಬ್ಯಾಕಪ್, ಸ್ಕ್ರೂಡ್ರೈವರ್ ಆಮೇಲೆ.

ಎರಡನೇ ದಿನ

ಇಡೀ ದಿನ ಕಾಪಿ ಮಾಡಿದೆ, ಅಷ್ಟೇ. ಆದರೆ ಕಲಿತದ್ದು ಜಾಸ್ತಿ.

ಮೊದಲು ಎಲ್ಲಾ ಫೋಲ್ಡರ್‌ಗಳನ್ನು ಒಟ್ಟಿಗೆ ಎಳೆದು ಹೊರಗಿನ ಡ್ರೈವ್‌ಗೆ ಹಾಕಿದೆ. ಕೆಟ್ಟ ಜಾಗ ಸಿಕ್ಕ ಕೂಡಲೇ ಕಾಪಿ ನಿಂತಿತು. ಹಾಗಾಗಿ ರೋಬೋಕಾಪಿ ಕಮಾಂಡ್ ಹಿಡಿದೆ. ಅದು ವಿಂಡೋಸ್ ಜೊತೆಗೇ ಬರುತ್ತದೆ. ಒಂದು ಮಾತು ಗಮನಿಸಿ: ನಾವು ಏನೂ ಹೇಳದಿದ್ದರೆ, ಓದಲಾಗದ ಒಂದು ಫೈಲ್‌ಗೆ ಅದು 10 ಲಕ್ಷ ಸಲ ಪ್ರಯತ್ನಿಸುತ್ತದೆ, ಪ್ರತಿ ಸಲವೂ 30 ಸೆಕೆಂಡ್ ಕಾದು! ಸಾಯುತ್ತಿರುವ ಡಿಸ್ಕ್‌ಗೆ ಅದು ಚಿತ್ರಹಿಂಸೆ. ಒಂದೇ ಸಲ ಪ್ರಯತ್ನಿಸು, ಒಂದೇ ಸೆಕೆಂಡ್ ಕಾಯಿ ಅಂತ ಕಮಾಂಡ್‌ನಲ್ಲೇ ಬರೆದೆ. ಮೊದಲು ಬರವಣಿಗೆಯ ಫೈಲ್‌ಗಳು, ಆಮೇಲೆ ಫೋಟೋಗಳು, ಕೊನೆಗೆ ಮತ್ತೆ ಎಲ್ಲಾದರೂ ಸಿಗುವಂಥವು. ಡಿಸ್ಕ್ ನಡುವೆಯೇ ಕೈಕೊಟ್ಟರೆ ಈ ಕ್ರಮವೇ ಕಾಪಾಡುವುದು.

ರಾತ್ರಿ ಹೊತ್ತಿಗೆ ಕಾಪಿಯಾಗದೆ ಉಳಿದದ್ದು 11 ಫೋಟೋ. ಹನ್ನೊಂದೂ ಒಂದೇ ಪ್ರವಾಸದವು. ಒಂದೇ ದಿನ ಕ್ಯಾಮೆರಾದಿಂದ ಇಳಿಸಿದ್ದೆ, ಹಾಗಾಗಿ ಡಿಸ್ಕ್‌ನಲ್ಲಿ ಅಕ್ಕಪಕ್ಕ ಕೂತಿದ್ದವು. ಕೆಟ್ಟ ಜಾಗ ಸರಿಯಾಗಿ ಅಲ್ಲೇ ಬಿದ್ದಿದೆ. ಲ್ಯಾಪ್‌ಟಾಪ್ ಪೂರ್ತಿ ಆರಿಸಿ, ತಣ್ಣಗಾಗೋಕೆ ಬಿಟ್ಟು ಮತ್ತೆ ಪ್ರಯತ್ನಿಸಿದೆ. ಏಳು ಬಂದವು.

ಹಳೆ ಡಿಸ್ಕನ್ನು ಹಾಗೇ ಕ್ಲೋನ್ ಮಾಡುವ (ಇದ್ದಂತೆಯೇ ಪೂರ್ತಿ ನಕಲಿಸುವ) ಯೋಚನೆಯನ್ನು ಇದನ್ನು ನೋಡಿ ಬಿಟ್ಟುಬಿಟ್ಟೆ. ವಿಂಡೋಸ್‌ನ ಸ್ವಂತ ಫೈಲ್‌ಗಳಲ್ಲಿ ಯಾವುದು ಹಾಳಾಗಿದೆ ಅಂತ ನನಗೆ ಹೇಗೆ ಗೊತ್ತಾಗಬೇಕು? ಹೊಸದಾಗಿ ಹಾಕುವುದೇ ಸರಿ. ಇನ್ನು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇದು 8ನೇ ತಲೆಮಾರಿನ ಪ್ರೊಸೆಸರ್ ಆದ್ದರಿಂದ 11 ಹಾಕೋಕೆ ಅಡ್ಡಿ ಇಲ್ಲ. ಅದಕ್ಕೆ ಟಿಪಿಎಂ 2.0 ಅನ್ನೋ ಭದ್ರತಾ ಸೌಲಭ್ಯ ಇರಬೇಕಲ್ವಾ, ಅದು ಬಯೋಸ್‌ನಲ್ಲಿ (ವಿಂಡೋಸ್‌ಗೂ ಮುಂಚೆ ತೆರೆಯುವ ಸೆಟ್ಟಿಂಗ್‌ಗಳಲ್ಲಿ) ಪಿಟಿಟಿ ಅನ್ನೋ ಹೆಸರಿನಲ್ಲಿ ಇತ್ತು. ಆನ್ ಮಾಡಿದೆ. ಬೇರೆಯವರ ಕಂಪ್ಯೂಟರ್‌ನಲ್ಲಿ ಕೂತು 8 ಜಿಬಿ ಪೆನ್ ಡ್ರೈವ್‌ಗೆ ಮೀಡಿಯಾ ಕ್ರಿಯೇಷನ್ ಟೂಲ್‌ನಿಂದ ವಿಂಡೋಸ್ 11 ತುಂಬಿಸಿಕೊಂಡೆ.

ಮೂರನೇ ದಿನ

ಹಿಂದಿನ ಮುಚ್ಚಳಕ್ಕೆ ಕಾಣುವ ಸ್ಕ್ರೂ ಹತ್ತು. ಎಲ್ಲಾ ಬಿಚ್ಚಿದರೂ ಒಂದು ಕಡೆ ಬಿಡಲಿಲ್ಲ. ಬಲವಂತ ಮಾಡಬಾರದು ಅಂತ ನಿಂತು ಹುಡುಕಿದೆ. ರಬ್ಬರ್ ಕಾಲುಗಳ ಅಡಿಯಲ್ಲಿ ಇನ್ನೆರಡು ಇದ್ದವು! ಆಮೇಲೆ ಹಳೆ ಪ್ಲಾಸ್ಟಿಕ್ ಕಾರ್ಡ್ ಒಂದನ್ನು ಅಂಚಿಗೆ ತೂರಿಸಿ ಮೆಲ್ಲಗೆ ಎತ್ತಿದೆ. ಯಾವ ಸ್ಕ್ರೂ ಎಲ್ಲಿಯದು ಅಂತ ಕಾಗದದ ಮೇಲೆ ಚಿತ್ರ ಬರೆದು ಅಲ್ಲಲ್ಲೇ ಟೇಪ್ ಹಚ್ಚಿ ಅಂಟಿಸಿದ್ದೆ. ಉದ್ದದ ಸ್ಕ್ರೂ ತಪ್ಪು ತೂತಿಗೆ ಹೋದರೆ ಕೀಬೋರ್ಡ್ ಕಡೆಗೆ ಚುಚ್ಚುತ್ತದೆ.

ಒಳಗೆ ಮೊದಲ ಕೆಲಸ ಬ್ಯಾಟರಿ ಕನೆಕ್ಟರ್ ಬಿಡಿಸುವುದು. ಪಟ್ಟಿಯಂಥ ಚಿಕ್ಕ ಎಸ್‌ಎಸ್‌ಡಿ ಕೂರಿಸುವ ಎಂ.2 ಸ್ಲಾಟ್ ಇರಬಹುದು ಅಂತ ಆಸೆ ಇತ್ತು. ಬೋರ್ಡ್ ಮೇಲೆ ಅದರ ಜಾಗ ಇದೆ, ಗುರುತು ಇದೆ, ಕನೆಕ್ಟರ್ ಮಾತ್ರ ಕೂರಿಸಿಲ್ಲ. ಹಾಗಾಗಿ ಕೊಂಡಿದ್ದ, ಹಳೆ ಡಿಸ್ಕ್‌ನ ಕನೆಕ್ಟರ್‌ಗೇ ಹೊಂದುವ 2.5 ಇಂಚಿನ ಸಾಟಾ ಎಸ್‌ಎಸ್‌ಡಿಯೇ ಗತಿ. ಬೇಜಾರಿಲ್ಲ. ಸಾಟಾದಲ್ಲಿ ಸೆಕೆಂಡಿಗೆ 550 ಎಂಬಿ ಮೇಲೆ ಹೋಗೋಕಾಗಲ್ಲ, ನಿಜ. ಆದರೆ ನನ್ನನ್ನು ಕಾಡಿದ್ದು ಆ ಸಣ್ಣ ಚೂರುಗಳ ಓದು. ಅದಕ್ಕೆ ಇದು ಧಾರಾಳ. ಹಳೆಯದೂ ಹೊಸದೂ 7 ಮಿಲಿಮೀಟರ್ ದಪ್ಪ. ಲೋಹದ ಚೌಕಟ್ಟಿನ ನಾಲ್ಕು ಸ್ಕ್ರೂ ಬದಲಿಸಿದೆ, ಕೂತಿತು.

ಪೆನ್ ಡ್ರೈವ್‌ನಿಂದ ಬೂಟ್ ಮಾಡಿದೆ. ಯಾವ ಆವೃತ್ತಿ, ಲೈಸೆನ್ಸ್ ಕೀ ಏನು ಅಂತ ಕೇಳಲೇ ಇಲ್ಲ. ಲ್ಯಾಪ್‌ಟಾಪ್ ಜೊತೆ ಬಂದ ವಿಂಡೋಸ್ ಕೀ ಮದರ್‌ಬೋರ್ಡಿನ ಫರ್ಮ್‌ವೇರ್‌ನಲ್ಲೇ ಇರುತ್ತದೆ, ಡಿಸ್ಕ್ ಬದಲಾದರೂ ಅದು ಹೋಗಲ್ಲ. ಖಾಲಿ ಜಾಗ ಆರಿಸಿ ಮುಂದೆ ಒತ್ತಿದೆ, ಪಾರ್ಟಿಷನ್‌ಗಳನ್ನು ಅದೇ ಮಾಡಿಕೊಂಡಿತು. 500 ಜಿಬಿ ಡ್ರೈವ್ 465 ಅಂತ ತೋರಿಸಿದರೆ ಗಾಬರಿ ಬೇಡ. ತಯಾರಕರು ಸಾವಿರದಿಂದ ಗುಣಿಸುತ್ತಾರೆ, ವಿಂಡೋಸ್ 1024ರಿಂದ.

ಸಿಕ್ಕಿಹಾಕಿಕೊಂಡದ್ದು ವೈಫೈ ಹತ್ತಿರ. ಡ್ರೈವರ್ ಇಲ್ಲದೆ ಪಟ್ಟಿಯೇ ಖಾಲಿ. ಇಂಟರ್ನೆಟ್ ಇಲ್ಲದೆ ಸೆಟಪ್ ಮುಂದಕ್ಕೆ ಹೋಗಲಿಲ್ಲ. ಫೋನನ್ನು ಕೇಬಲ್‌ನಲ್ಲಿ ಚುಚ್ಚಿ ಯುಎಸ್‌ಬಿ ಟೆದರಿಂಗ್ (ಫೋನಿನ ಇಂಟರ್ನೆಟ್ ಲ್ಯಾಪ್‌ಟಾಪ್‌ಗೆ ಕೊಡುವುದು) ಆನ್ ಮಾಡಿದೆ. ಎರಡೇ ಕ್ಷಣದಲ್ಲಿ ದಾರಿ ತೆರೆಯಿತು. ವೈಫೈ ಡ್ರೈವರನ್ನು ಮೊದಲೇ ಪೆನ್ ಡ್ರೈವ್‌ನಲ್ಲಿ ಇಟ್ಟುಕೊಂಡಿದ್ದರೆ ಇನ್ನೂ ಸುಲಭವಾಗುತ್ತಿತ್ತು.

ನಾಲ್ಕನೇ ದಿನ

ಮತ್ತೆ ಸ್ಟಾಪ್‌ವಾಚ್. ಪವರ್ ಬಟನ್‌ನಿಂದ ಬ್ರೌಸರ್ ಪುಟದವರೆಗೆ 26 ಸೆಕೆಂಡ್. ನಂಬಿಕೆ ಬರದೆ ಮೂರು ಸಲ ಮಾಡಿದೆ. ಪ್ರೊಸೆಸರ್ ಅದೇ, ರ‍್ಯಾಮ್ ಅದೇ. ಫ್ಯಾನ್ ಬಿಟ್ಟರೆ ಬೇರೆ ಸದ್ದೇ ಇಲ್ಲ. ಆ ಕಟಕಟ ಸದ್ದು ಎಷ್ಟು ಅಭ್ಯಾಸವಾಗಿತ್ತು ಅಂತ ಈಗ ಗೊತ್ತಾಗುತ್ತಿದೆ.

ಟ್ರಿಮ್ (ಅಳಿಸಿದ ಫೈಲ್‌ಗಳ ಜಾಗ ಖಾಲಿ ಅಂತ ಎಸ್‌ಎಸ್‌ಡಿಗೆ ತಿಳಿಸುವ ವ್ಯವಸ್ಥೆ) ಆನ್ ಇದೆಯಾ ಅಂತ ಕಮಾಂಡ್‌ನಲ್ಲಿ ನೋಡಿದೆ, ಸೊನ್ನೆ ಅಂತ ಬಂತು. ಸೊನ್ನೆ ಅಂದರೆ ಆನ್. ಕನ್ನಡದ ಹಳೆ ಫೈಲ್‌ಗಳು ತುಂಗಾ ಫಾಂಟ್‌ನಲ್ಲಿದ್ದವು. ಈಗ ಅದು ತಾನಾಗಿ ಬರಲ್ಲ, ಐಚ್ಛಿಕ ಫೀಚರ್‌ಗಳಲ್ಲಿ ಕನ್ನಡದ ಹೆಚ್ಚುವರಿ ಫಾಂಟ್‌ಗಳನ್ನು ಆರಿಸಿದ ಮೇಲೆ ಬಂತು. ಇನ್ನೊಂದು ಮುಖ್ಯ ವಿಷಯ: ಹೊಸ ಆವೃತ್ತಿಯಲ್ಲಿ ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಒಳಹೋದರೆ ಡ್ರೈವ್ ತಾನಾಗಿ ಎನ್‌ಕ್ರಿಪ್ಟ್ ಆಗಬಹುದು, ಅಂದರೆ ಕೀ ಇಲ್ಲದೆ ಓದಲಾಗದಂತೆ ಬೀಗ ಬೀಳಬಹುದು. ನನ್ನದು ಆಗಿತ್ತು. 48 ಅಂಕಿಯ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಟ್ಟೆ. ನೀವೂ ಬರೆದಿಡಿ, ದಯವಿಟ್ಟು.

ಉಳಿದಿದ್ದ ನಾಲ್ಕು ಫೋಟೋಗಳಲ್ಲಿ ಎರಡು ಹಳೆ ಇಮೇಲ್‌ನಲ್ಲಿ ಸಿಕ್ಕವು. ಗಾತ್ರ ಚಿಕ್ಕದು, ಆದರೆ ಮುಖಗಳು ಕಾಣುತ್ತವೆ. ಹಳೆ ಡಿಸ್ಕನ್ನು ಫಾರ್ಮ್ಯಾಟ್ ಮಾಡಿಲ್ಲ. ಯುಎಸ್‌ಬಿ ಕೇಸ್‌ಗೆ ಹಾಕಿ ಇನ್ನೊಂದೇ ಸಲ ಆ ಎರಡಕ್ಕಾಗಿ ಪ್ರಯತ್ನಿಸಬೇಕು.