ಒಂದೇ ತಂತಿ ಏರಿದಾಗ

ನಾನು ಚಿಕ್ಕವಳಿದ್ದಾಗ ಹನುಮಂತನಗರದ ನಮ್ಮನೆಯಲ್ಲಿ ಭಾನುವಾರ ಬೆಳಿಗ್ಗೆ ಅಂದ್ರೆ ಅಪ್ಪನ ಹವಾಯಿಯನ್ ಗಿಟಾರ್. ತೊಡೆ ಮೇಲೆ ಮಲಗಿಸಿಕೊಂಡು, ಎಡಗೈಲಿ ಉಕ್ಕಿನ ಬಾರ್ ಹಿಡಿದು ಅಣ್ಣಾವ್ರ ಹಾಡುಗಳನ್ನು ನುಡಿಸುತ್ತಿದ್ದರು. ಗಣೇಶನ ಪೆಂಡಾಲ್ ಆರ್ಕೆಸ್ಟ್ರಾಗಳಲ್ಲೂ ನುಡಿಸಿದ್ದಾರೆ. ಅದಕ್ಕೇ ಇರಬೇಕು, ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಸಂಗೀತಕ್ಕೆ ರಾಕ್ ಬೆರೆಸಿದ ಫ್ಲೈಯಿಂಗ್ ಬರೀಟೋ ಬ್ರದರ್ಸ್ ಕೇಳಿದ ಮೊದಲ ದಿನವೇ ನನಗೆ ಅದು ಪರದೇಶದ ಸಂಗೀತ ಅನ್ನಿಸಲಿಲ್ಲ.

ಗ್ರಾಮ್ ಪಾರ್ಸನ್ಸ್ ಮತ್ತು ಕ್ರಿಸ್ ಹಿಲ್‌ಮನ್ 1968ರಲ್ಲಿ ದ ಬರ್ಡ್ಸ್ ಅನ್ನೋ ರಾಕ್ ಬ್ಯಾಂಡ್ ಬಿಟ್ಟು ಲಾಸ್ ಏಂಜಲೀಸ್‌ನಲ್ಲಿ ಕಟ್ಟಿದ ಬ್ಯಾಂಡ್ ಇದು. ಮೊದಲ ಆಲ್ಬಮ್ 'ದ ಗಿಲ್ಡೆಡ್ ಪ್ಯಾಲೆಸ್ ಆಫ್ ಸಿನ್' 1969ರಲ್ಲಿ ಬಂತು. ಹಿಲ್‌ಮನ್ ಬ್ಲೂಗ್ರಾಸ್ (ಕಂಟ್ರಿಯ ಒಂದು ಶೈಲಿ) ಮ್ಯಾಂಡೊಲಿನ್ ನುಡಿಸಿ ಬೆಳೆದವರು. ಪಾರ್ಸನ್ಸ್ ಜಾರ್ಜಿಯಾ ಕಡೆಯವರು. ಅರೆಥಾ ಫ್ರಾಂಕ್ಲಿನ್, ಜೇಮ್ಸ್ ಕಾರ್ ಹಾಡಿದ್ದ ಎರಡು ಸೋಲ್ (ಕಪ್ಪು ಅಮೆರಿಕನ್ನರ ಸಂಗೀತ) ಹಾಡುಗಳೂ ಈ ಆಲ್ಬಮ್‌ನಲ್ಲಿವೆ. ಕಂಟ್ರಿ ಧಾಟಿಗೆ ಎಷ್ಟು ಚೆನ್ನಾಗಿ ಒಗ್ಗಿವೆ ಅಂದ್ರೆ, ಬೇರೆ ಕಡೆಯಿಂದ ಬಂದವು ಅಂತ ಗೊತ್ತೇ ಆಗಲ್ಲ.

ಎಲ್ಲರೂ ಪಾರ್ಸನ್ಸ್ ಬಗ್ಗೆಯೇ ಜಾಸ್ತಿ ಬರೀತಾರೆ. 1973ರಲ್ಲಿ, ಬರೀ 26ನೇ ವಯಸ್ಸಿಗೆ ಹೋದವರು, ಆ ದುಃಖ ಇದ್ದೇ ಇದೆ. ಆದರೆ ಈ ಬ್ಯಾಂಡಿನ ನಾದ ನನಗೆ 'ಸ್ನೀಕಿ' ಪೀಟ್ ಕ್ಲೈನೋ ಅವರದು. ಅವರ ವಾದ್ಯ ಎಂಟು ತಂತಿಯ ಪೆಡಲ್ ಸ್ಟೀಲ್, ಅಂದ್ರೆ ಮೇಜಿನ ಥರ ಕಾಲುಗಳ ಮೇಲೆ ನಿಲ್ಲುವ, ಪೆಡಲ್ ಇರುವ ಗಿಟಾರ್. ಅದಕ್ಕೆ ಫಜ್ (ಸ್ವರವನ್ನು ಒರಟಾಗಿಸುವ ಎಫೆಕ್ಟ್) ಹಚ್ಚಿ ರಾಕ್ ಗಿಟಾರ್ ಥರ ಗರ್ಜಿಸುವಂತೆ ಮಾಡಿದರು. ಇಷ್ಟಾಗಿ ಅವರು ಸ್ಟಾಪ್ ಮೋಷನ್ ಅನಿಮೇಷನ್ ಕೆಲಸವನ್ನೂ ಮಾಡುತ್ತಿದ್ದವರು!

ಪೆಡಲ್ ಸ್ಟೀಲ್‌ನ ಬೇರು ಹವಾಯಿಯಲ್ಲೇ ಇದೆ. ಗಿಟಾರನ್ನು ಮಲಗಿಸಿ ತಂತಿ ಮೇಲೆ ಉಕ್ಕು ಜಾರಿಸುವ ರೀತಿಯನ್ನು ಹತ್ತೊಂಬತ್ತನೇ ಶತಮಾನದ ಕೊನೆಗೆ ಜೋಸೆಫ್ ಕೆಕುಕು ಶುರು ಮಾಡಿದರು ಅಂತಾರೆ. 1915ರ ಸ್ಯಾನ್ ಫ್ರಾನ್ಸಿಸ್ಕೋ ವಿಶ್ವ ಪ್ರದರ್ಶನದ ನಂತರ ಅಮೆರಿಕದಲ್ಲಿ ಹವಾಯಿ ಸಂಗೀತದ ಹುಚ್ಚು ಇನ್ನೂ ಹಬ್ಬಿತು. ಆ ವಾದ್ಯ ಕಂಟ್ರಿ ಸಂಗೀತಕ್ಕೂ ಹೋಯಿತು, ನಮ್ಮ ಸಿನಿಮಾ ಹಾಡುಗಳಿಗೂ ಬಂತು. ಅಲ್ಲಿ ಕಾಲು ಮೂಡಿತು, ಪೆಡಲ್ ಬಂತು. ಇಲ್ಲಿ ತೊಡೆ ಮೇಲೇ ಉಳಿಯಿತು.

ವ್ಯತ್ಯಾಸ ಇರೋದೇ ಅಲ್ಲಿ. ಅಪ್ಪ ಬಾರ್ ಜಾರಿಸಿದರೆ ಅದರಡಿಯ ತಂತಿಗಳೆಲ್ಲ ಒಟ್ಟಿಗೇ ಜಾರುತ್ತವೆ. ಪೆಡಲ್ ಒತ್ತಿದರೆ ಅದಕ್ಕೆ ಕಟ್ಟಿದ ತಂತಿ ಮಾತ್ರ ಬಿಗಿಯಾಗಿ ಏರುತ್ತದೆ, ಉಳಿದವು ಇದ್ದಲ್ಲೇ ಇರುತ್ತವೆ. ತಂಬೂರಿ ಶ್ರುತಿ ಹಿಡಿದಿರುವಾಗ ಹಾಡುವವರ ಸ್ವರ ಮೇಲಕ್ಕೆ ಹೋಗುತ್ತದಲ್ಲ, ಹಾಗೆ. ಎದೆ ಹಿಂಡುವುದು ಆ ಏರುವ ಒಂದು ತಂತಿಯೇ.

ಹೋದ ವಾರ ನಾನು ಈ ಆಲ್ಬಮ್ ಅಪ್ಪನಿಗೆ ಕೇಳಿಸಿದೆ. ಕಣ್ಣು ಮುಚ್ಚಿ ಕೂತರು. "ಇದು ಬರೀ ಬಾರ್ ಅಲ್ಲ ಕಣೆ, ಒಂದು ತಂತಿ ಬೇರೆ ಏರ್ತಿದೆ" ಅಂದರು. ನಾನಿನ್ನೂ ಏನೂ ಹೇಳಿರಲಿಲ್ಲ. ಆಮೇಲೆ ಬೀರು ಮೇಲಿಂದ ಗಿಟಾರ್ ಇಳಿಸಿದರು. ಬಾರ್ ಹಿಂದೆ ಉಂಗುರದ ಬೆರಳಿಂದ ಒಂದು ತಂತಿ ಎಳೆದು ಆ ಸ್ವರ ತರಲು ನೋಡಿದರು. ಮೂರು ಸಲ. ಸ್ವರ ಸ್ವಲ್ಪ ಕೆಳಗೇ ನಿಂತಿತು. ಇನ್ನೂ ತೆಳು ತಂತಿ ಹಾಕಿ ನೋಡೋಣ ಅಂದಿದ್ದಾರೆ. ಸಂಜೆ ಅದನ್ನು ತರಲು ಜೆ.ಸಿ. ರಸ್ತೆ ಕಡೆ ಹೊರಟಿದ್ದೇನೆ.