ಕೆನೆ ಬಣ್ಣವೋ ನವಿಲು ನೀಲಿಯೋ, ಗೋಡೆಯನ್ನೇ ಕೇಳಿ

ಕೋಣೆಯ ಗೋಡೆಗೆ ಕೆನೆ ಬಣ್ಣ ಬಳಿಯುವುದೋ ನವಿಲು ನೀಲಿಯೋ ಎಂಬ ಗೊಂದಲವಿದ್ದರೆ, ಪೇಂಟ್ ಅಂಗಡಿಯ ಶೇಡ್ ಕಾರ್ಡಿನ ಬೆರಳಗಲದ ತುಂಡು ನೋಡಿ ಒಂದನ್ನು ಆರಿಸಲೇಬೇಡಿ. ಬಳಿದ ಗೋಡೆಗಳ ಬಣ್ಣ ಒಂದರದ್ದು ಇನ್ನೊಂದರ ಮೇಲೆ ಪ್ರತಿಫಲಿಸಿ, ಕೋಣೆಯಲ್ಲಿ ಎಲ್ಲವೂ ಕಾರ್ಡಿಗಿಂತ ಗಾಢವಾಗಿ ಕಾಣುತ್ತದೆ. ಎರಡರದ್ದೂ ಸಣ್ಣ ಸ್ಯಾಂಪಲ್ ಡಬ್ಬಿ ತಂದು, ಎರಡಡಿ ಚೌಕದ ದಪ್ಪ ಡ್ರಾಯಿಂಗ್ ಶೀಟುಗಳಿಗೆ ಎರಡು ಕೋಟ್ ಹೊಡೆಯಿರಿ. ಅಂಚಿನಲ್ಲಿ ಬಿಳಿ ಉಳಿಸಬೇಡಿ, ಅದರ ಪಕ್ಕದಲ್ಲಿ ಯಾವ ಬಣ್ಣವೂ ಇರುವುದಕ್ಕಿಂತ ಕಪ್ಪಾಗಿ ಕಾಣುತ್ತದೆ. ಒಣಗಿದ ಮೇಲೆ ಒಮ್ಮೆ ಕಿಟಕಿಯಿರುವ ಗೋಡೆಗೆ, ಒಮ್ಮೆ ಅದರ ಎದುರು ಗೋಡೆಗೆ ಅಂಟಿಸಿ ನೋಡಿ.

ರಾತ್ರಿ ನೋಡುವುದೇ ಮುಖ್ಯ. 6500 ಕೆಲ್ವಿನ್ನಿನ (ಕೆಲ್ವಿನ್ ಎಂದರೆ ಬೆಳಕಿನ ಬಣ್ಣದ ಅಳತೆ) ಬಿಳಿ ಟ್ಯೂಬಿನಡಿ ಕೆನೆ ಬಣ್ಣದ ಹಳದಿ ಛಾಯೆ ಸತ್ತು ಸುಣ್ಣದ ಹಾಗಾಗುತ್ತದೆ. 3000 ಕೆಲ್ವಿನ್ನಿನ ಬೆಚ್ಚನೆ ಬಲ್ಬಿನಡಿ ನವಿಲು ನೀಲಿ ಹಸಿರಿಗೆ ವಾಲುತ್ತದೆ. ನೆಲ ರೆಡ್ ಆಕ್ಸೈಡಿನದಾದರೆ ಗೋಡೆಯ ಕೆಳಭಾಗದ ಕೆನೆಗೆ ಕೆಂಪು ಹತ್ತುತ್ತದೆ. ಬಲ್ಬು ಬದಲಿಸುವುದಿದ್ದರೆ ಮೊದಲೇ ಬದಲಿಸಿಕೊಳ್ಳಿ.

ಇನ್ನು ತೇವ. ಸಿಮೆಂಟಿನಿಂದ ಉಕ್ಕುವ ಬಿಳಿ ಉಪ್ಪು ಕೆನೆ ಬಣ್ಣದಲ್ಲಿ ಅಷ್ಟಾಗಿ ಕಾಣುವುದಿಲ್ಲ, ನೀಲಿಯಲ್ಲಿ ಎದ್ದು ಕಾಣುತ್ತದೆ. ಒಂದಡಿ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, 24 ಗಂಟೆ ಬಿಡಿ. ಹಾಳೆಯ ಒಳಗಡೆ ಬೆವರಿದ್ದರೆ ನೀರು ಗೋಡೆಯೊಳಗಿಂದಲೇ ಬರುತ್ತಿದೆ. ಸೋರಿಕೆ ನಿಲ್ಲಿಸದೆ ಪುಟ್ಟಿ ಹಚ್ಚಿದರೆ ಹಪ್ಪಳದಂತೆ ಏಳುತ್ತದೆ. ಬಚ್ಚಲಿಗೆ ತಾಗಿದ ಗೋಡೆಗೂ ಮಳೆ ಹೊಡೆಯುವ ಹೊರಗೋಡೆಗೂ ಗಾಢ ಬಣ್ಣ ಬೇಡವೇ ಬೇಡ ಎನ್ನುತ್ತೇನೆ. ಒಣಗಿದ ಒಳಗೋಡೆ ಒಂದಕ್ಕೆ ನೀಲಿ, ಉಳಿದ ಮೂರಕ್ಕೆ ಕೆನೆ, ಇದು ನಮ್ಮ ಮನೆಗಳಿಗೆ ಸರಿಹೊಂದುವ ಹಂಚಿಕೆ.

10×12 ಅಡಿ ಕೋಣೆ, 10 ಅಡಿ ಎತ್ತರ ಎಂದರೆ ಬಾಗಿಲು ಕಿಟಕಿ ಕಳೆದು ಸುಮಾರು 390 ಚದರಡಿ. ಕೆನೆಯ 290 ಚದರಡಿಗೆ ಎರಡು ಕೋಟ್ ಹೊಡೆಯಲು 5 ಲೀಟರ್ ಎಮಲ್ಷನ್ ಸಾಕು. ನೀಲಿಯ 100 ಚದರಡಿಗೆ 3 ಲೀಟರ್ ತನ್ನಿ. ಗಾಢ ಬಣ್ಣ ತಯಾರಿಸುವ ‘ಬೇಸ್’ ಅಂದರೆ ಮೂಲ ಪೇಂಟಿನಲ್ಲಿ ಬಿಳಿ ಪಿಗ್ಮೆಂಟ್ ಕಡಿಮೆ, ಹಾಗಾಗಿ ಹಳೆಯದನ್ನು ಮುಚ್ಚಲು ಮೂರನೇ ಕೋಟ್ ಬೇಕಾಗುತ್ತದೆ. ಪ್ರೈಮರ್‌ಗೆ ಬೂದು ಛಾಯೆ ಕೊಡಿಸಿದರೆ ಕೆಲಸ ಹಗುರ. ಒಂದೇ ಬಣ್ಣದ ಡಬ್ಬಿಗಳನ್ನೆಲ್ಲ ದೊಡ್ಡ ಬಕೆಟ್ಟಿನಲ್ಲಿ ಕಲಸಿಕೊಳ್ಳಿ, ಅಂಗಡಿಯ ಟಿಂಟಿಂಗ್ (ಬಣ್ಣ ಬೆರೆಸುವ) ಮಷಿನ್ನಿನಲ್ಲೂ ಡಬ್ಬಿಯಿಂದ ಡಬ್ಬಿಗೆ ಕೊಂಚ ವ್ಯತ್ಯಾಸ ಬರುತ್ತದೆ.

ಮೂಲೆಯ ಗೆರೆ ನೇರ ಬರಬೇಕೆಂದರೆ ಕೆನೆ ಮೊದಲು. ಅದು ಒಂದು ದಿನ ಒಣಗಿದ ಮೇಲೆ ಮೂಲೆಯಲ್ಲಿ ಕೆನೆಯ ಮೇಲೆ ಮಾಸ್ಕಿಂಗ್ ಟೇಪ್ ಒತ್ತಿ, ಟೇಪಿನ ಅಂಚಿಗೆ ಮತ್ತೆ ತೆಳುವಾಗಿ ಕೆನೆಯನ್ನೇ ಎಳೆಯಿರಿ. ಸಂದಿಗೆ ಇಳಿಯುವುದು ಅದೇ, ನೀಲಿಯಲ್ಲ. ಕೊನೆಯ ನೀಲಿ ಕೋಟ್ ಪೂರ್ತಿ ಒಣಗುವ ಮೊದಲೇ ಟೇಪನ್ನು ಓರೆಯಾಗಿ, ನಿಧಾನಕ್ಕೆ ಬಿಡಿಸಿ.