ದೇಹದ ಪಾಠ: ಅಂಗದಿಂದಲ್ಲ, ಏರುಪೇರಿನಿಂದ ಶುರು

ಮಂಡ್ಯ ಜಿಲ್ಲೆಯ ನಾಲೆ ಬಯಲಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಹೇಳಿಕೊಡುತ್ತೇನೆ. ಹತ್ತನೇ ತರಗತಿಯ ‘ಜೀವಕ್ರಿಯೆಗಳು’ ಪಾಠ ಮುಗಿಯುವ ಹೊತ್ತಿಗೆ ಮಕ್ಕಳಿಗೆ ದೇಹದ ಬಿಡಿಭಾಗಗಳೆಲ್ಲ ಬಾಯಿಪಾಠವಾಗಿರುತ್ತವೆ. ಹೃದಯಕ್ಕೆ ನಾಲ್ಕು ಕೋಣೆ. ಮೂತ್ರಪಿಂಡದ ಘಟಕ ನೆಫ್ರಾನ್. ದಿನಕ್ಕೆ ಸೋಸುವುದು ಸುಮಾರು 180 ಲೀಟರ್, ಹೊರಗೆ ಹೋಗುವುದು ಒಂದೆರಡು ಲೀಟರ್. ಅದೇ ಮಕ್ಕಳನ್ನು, ‘ಮಟಮಟ ಮಧ್ಯಾಹ್ನ ಕಬ್ಬು ಕಡಿಯುತ್ತಿರುವ ನಿಮ್ಮಪ್ಪನ ಮೂತ್ರಪಿಂಡ ಆ ಹೊತ್ತಿನಲ್ಲಿ ಏನು ಮಾಡುತ್ತಿರುತ್ತದೆ?’ ಎಂದು ಕೇಳಿದರೆ ಇಡೀ ತರಗತಿ ಸುಮ್ಮನಾಗುತ್ತದೆ.

ಅವರಿಗೆ ಓದು ಸಾಲದು ಅಂತಲ್ಲ. ನಾವು ಪಾಠ ಜೋಡಿಸುವ ಕ್ರಮವೇ ಹಾಗಿದೆ. ಜೀರ್ಣಾಂಗ ಮುಗಿಸಿ ಶ್ವಾಸಾಂಗ, ಅದು ಮುಗಿಸಿ ರಕ್ತಪರಿಚಲನೆ, ಆಮೇಲೆ ವಿಸರ್ಜನೆ. ನರ ಮತ್ತು ಹಾರ್ಮೋನುಗಳು ಇನ್ನೊಂದು ಪಾಠದಲ್ಲಿ, ಎಷ್ಟೋ ವಾರ ಕಳೆದ ಮೇಲೆ. ದೇಹದಲ್ಲಿ ಇವೆಲ್ಲ ಒಂದೇ ಗಳಿಗೆಯಲ್ಲಿ, ಒಂದರ ಸುದ್ದಿ ಇನ್ನೊಂದು ಕೇಳಿಕೊಂಡು ಕೆಲಸ ಮಾಡುತ್ತವೆ. ಹೀಗೆ ಒಳಗಿನ ನೆಲೆ ಕದಲದಂತೆ ಕಾಯ್ದುಕೊಳ್ಳುವುದನ್ನೇ ಸಮಸ್ಥಿತಿ ಅನ್ನುವುದು. ಅದಕ್ಕೇ ನಾನು ಅಂಗದಿಂದ ಶುರುಮಾಡುವುದಿಲ್ಲ, ಏರುಪೇರಿನಿಂದ ಶುರುಮಾಡುತ್ತೇನೆ. ಮೊದಲು ದೇಹವನ್ನು ಅದರ ನೆಲೆಯಿಂದ ಸ್ವಲ್ಪ ಅಲುಗಿಸುವುದು, ಅದು ಹೇಗೆ ಹಿಂದಕ್ಕೆ ಬರುತ್ತದೆ ಎಂದು ನೋಡುವುದು, ದಾರಿಯಲ್ಲಿ ಯಾವ ಅಂಗ ಸಿಕ್ಕರೆ ಅದರ ಪಾಠ ಆಗ ಮಾಡುವುದು.

ಮೊದಲ ತರಗತಿ ನಡೆಯುವುದು ಮೈದಾನದಲ್ಲಿ. ಪಿ.ಟಿ. ಮೇಷ್ಟ್ರ ಹತ್ತಿರ ಒಂದು ಪೀರಿಯಡ್ ಕೇಳಿ ತೆಗೆದುಕೊಳ್ಳುತ್ತೇನೆ. ಮಕ್ಕಳು ಜೋಡಿಜೋಡಿಯಾಗಿ ಕೂತು ಮಣಿಕಟ್ಟಿನಲ್ಲಿ ನಾಡಿ ಹಿಡಿಯುತ್ತಾರೆ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಬೇಕು. ಹೆಬ್ಬೆರಳಲ್ಲಿ ಹಿಡಿಯಬಾರದು, ಅದರದ್ದೇ ಮಿಡಿತ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. ಕೂತಾಗ 80ರ ಆಸುಪಾಸು ಇದ್ದದ್ದು, ಮೈದಾನ ಎರಡು ಸುತ್ತು ಓಡಿ ಬಂದರೆ 150 ದಾಟುತ್ತದೆ. ಓಡಿದರೆ ನಾಡಿ ಏರುತ್ತದೆ ಎಂದು ಎಲ್ಲರಿಗೂ ಗೊತ್ತು, ಅಲ್ಲಿಗೆ ನಿಲ್ಲಿಸಿದರೆ ಪ್ರಯೋಗ ವ್ಯರ್ಥ. ನಿಜವಾದ ಪಾಠ ಇರುವುದು ಇಳಿಯುವುದರಲ್ಲಿ. ನಿಂತ ಮೇಲೆ ಪ್ರತಿ ನಿಮಿಷ ಎಣಿಸಿ ಗ್ರಾಫ್ ಹಾಳೆಯಲ್ಲಿ ಗುರುತು ಮಾಡಿಸುತ್ತೇನೆ. ಮೊದಲ ನಿಮಿಷ ಸರ್ರನೆ ಇಳಿಯುತ್ತದೆ, ಆಮೇಲೆ ನಿಧಾನವಾಗುತ್ತದೆ. ಕಬಡ್ಡಿ ಆಡುವ ಹುಡುಗಿಯ ಗೆರೆ ಬೇಗ ಕೆಳಗೆ ಬಂದಿರುತ್ತದೆ. ಯಾಕೆ ಎಂದು ಅವರವರೇ ವಾದಕ್ಕಿಳಿಯುತ್ತಾರೆ. ಅಭ್ಯಾಸವಾದ ಹೃದಯ ಒಂದು ಮಿಡಿತಕ್ಕೆ ಹೆಚ್ಚು ರಕ್ತ ತಳ್ಳುತ್ತದೆ ಎಂಬ ಮಾತನ್ನು ಆಗ ಹೇಳಿದರೆ ಅದು ಮನಸ್ಸಿಗೆ ಹತ್ತುತ್ತದೆ.

ಮತ್ತೆ ಒಳಗೆ ಬಂದು ಬೋರ್ಡಿನ ನಡುವೆ ‘ಓಟ’ ಎಂದು ಬರೆದು ಕೇಳುತ್ತೇನೆ: ಮೈಯಲ್ಲಿ ಏನೇನು ಬದಲಾಯಿತು? ಉಸಿರು, ಎದೆಬಡಿತ, ಬೆವರು, ಕೆಂಪಾದ ಮುಖ, ಬಾಯಾರಿಕೆ. ಒಂದೊಂದಕ್ಕೂ ಬಾಣ ಎಳೆಯುತ್ತಾ ಹೋದರೆ ನಾಲ್ಕೈದು ಅಂಗವ್ಯೂಹಗಳು ತಾವಾಗಿ ಬೋರ್ಡಿಗೆ ಬಂದಿರುತ್ತವೆ. ಬೆವರಿನ ಹತ್ತಿರ ಮಾತ್ರ ನಾನು ಸ್ವಲ್ಪ ನಿಲ್ಲುತ್ತೇನೆ. ಬೆವರು ಸುರಿದರೆ ಮೈ ತಣ್ಣಗಾಗುವುದಿಲ್ಲ, ಬೆವರು ಆರಿದರೆ ತಣ್ಣಗಾಗುತ್ತದೆ. ಒಂದು ಲೀಟರ್ ಬೆವರು ಚರ್ಮದ ಮೇಲೆ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖ ಹೊರಟುಹೋಗುತ್ತದೆ. ಮಂಗಳೂರಿನ ನೆಂಟರ ಮನೆಗೆ ಹೋಗಿ ಬಂದ ಮಕ್ಕಳಿಗೆ, ಅಲ್ಲಿ ಬಿಸಿಲು ನಮ್ಮಷ್ಟೇ ಇದ್ದರೂ ಯಾಕೆ ಅಷ್ಟು ಧಗೆ ಎನ್ನುವುದು ಇದರಿಂದ ತಿಳಿಯುತ್ತದೆ.

ಹಿಮ್ಮಾಹಿತಿಯನ್ನು, ಅಂದರೆ ಏರುಪೇರಿನ ಸುದ್ದಿ ತಿಳಿದು ಅದನ್ನು ಸರಿಪಡಿಸುವ ಏರ್ಪಾಡನ್ನು ಹೇಳಲು ನಮ್ಮ ಊರ ಕಡೆ ಕನ್ನಂಬಾಡಿ ಕಟ್ಟೆಗಿಂತ ಹತ್ತಿರದ್ದು ಯಾವುದಿದೆ? 124.80 ಅಡಿ ತುಂಬಿದರೆ ಭರ್ತಿ ಎಂದು ಒಂದನೇ ಸಾಲಿನ ಮಗುವಿಗೂ ಗೊತ್ತು. ಮಟ್ಟ ಅಳೆಯುವವರು ಒಬ್ಬರು, ಎಷ್ಟು ಬಿಡಬೇಕೆಂದು ತೀರ್ಮಾನಿಸುವವರು ಇನ್ನೊಬ್ಬರು, ಗೇಟು ಎತ್ತುವವರು ಮತ್ತೊಬ್ಬರು. ದೇಹದಲ್ಲೂ ಈ ಮೂರು ಕೆಲಸ ಬೇರೆಬೇರೆ ಕಡೆ ನಡೆಯುತ್ತವೆ. ಆದರೆ ಈ ಹೋಲಿಕೆ ಎಲ್ಲಿ ಸೋಲುತ್ತದೆ ಎಂಬುದನ್ನೂ ಅದೇ ದಿನ ಹೇಳಲೇಬೇಕು. ಕಟ್ಟೆಯವರ ಕೈಯಲ್ಲಿರುವುದು ಹೆಚ್ಚಾದ ನೀರು ಬಿಡುವುದು ಮಾತ್ರ. 2023ರಲ್ಲಿ ಮುಂಗಾರು ಕೈಕೊಟ್ಟಾಗ ಕಟ್ಟೆ ತುಂಬಲೇ ಇಲ್ಲ, ಯಾರೂ ಏನೂ ಮಾಡುವಂತಿರಲಿಲ್ಲ. ದೇಹ ಹಾಗಲ್ಲ, ಹೆಚ್ಚಾದರೂ ಕಡಿಮೆಯಾದರೂ ಎರಡೂ ಕಡೆಯಿಂದ ಕಾಯುತ್ತದೆ.

ಅದನ್ನು ತೋರಿಸಲು ರಕ್ತದ ಸಕ್ಕರೆಗಿಂತ ಒಳ್ಳೆಯ ವಿಷಯವಿಲ್ಲ, ಮಂಡ್ಯದಲ್ಲಂತೂ ಇಲ್ಲವೇ ಇಲ್ಲ. ಗ್ಲುಕೋಮೀಟರ್ ತಂದು ನನ್ನ ಬೆರಳನ್ನೇ ಚುಚ್ಚಿಕೊಳ್ಳುತ್ತೇನೆ. ಮಕ್ಕಳ ಬೆರಳು ಚುಚ್ಚುವುದಿಲ್ಲ. ಒಬ್ಬರ ಸೂಜಿ ಇನ್ನೊಬ್ಬರಿಗೆ ತಾಗುವ ಸಣ್ಣ ಸಾಧ್ಯತೆಯೂ ಶಾಲೆಯಲ್ಲಿ ಇರಬಾರದು. ಊಟಕ್ಕೆ ಮುಂಚೆ ನೂರು ಮಿಲಿಲೀಟರ್ ರಕ್ತಕ್ಕೆ 92 ಮಿಲಿಗ್ರಾಂ, ಉಂಡ ಒಂದು ಗಂಟೆಗೆ 138, ಎರಡನೇ ಗಂಟೆಗೆ 106. ಮೂರು ಅಂಕಿ ಬೋರ್ಡಿನ ಮೇಲಿದ್ದರೆ ಸಾಕು, ಸಕ್ಕರೆ ಇಳಿಸುವ ಹಾರ್ಮೋನು ಇನ್ಸುಲಿನ್ ಎಂಬ ಹೆಸರಿಗೆ ಜೀವ ಬರುತ್ತದೆ. ಆಮೇಲೆ ಒಂದು ಲೆಕ್ಕ ಕೊಡುತ್ತೇನೆ. ದೊಡ್ಡವರ ಮೈಯಲ್ಲಿ ಸುಮಾರು ಐದು ಲೀಟರ್ ರಕ್ತ, ಲೀಟರಿಗೆ ಸುಮಾರು ಒಂದು ಗ್ರಾಂ ಗ್ಲುಕೋಸ್. ಅಂದರೆ ಇಡೀ ರಕ್ತದಲ್ಲಿರುವುದು ಒಂದು ಟೀ ಚಮಚದಷ್ಟು ಸಕ್ಕರೆ! ಕಾಲು ಲೀಟರ್ ಕಬ್ಬಿನ ಹಾಲಿನಲ್ಲಿ ಅದರ ಐದಾರು ಪಟ್ಟು ಇರುತ್ತದೆ. ಅಷ್ಟೂ ಒಳಗೆ ಹೋದರೂ ಆರೋಗ್ಯವಂತರಲ್ಲಿ ಎರಡು ಗಂಟೆಯಲ್ಲಿ ಎಲ್ಲ ಮೊದಲಿನಂತಾಗುತ್ತದೆ. ಇನ್ನೊಂದು ಕಡೆ ನೋಡಿದರೆ, ಮಿದುಳೊಂದಕ್ಕೇ ಗಂಟೆಗೆ ಸುಮಾರು ಐದು ಗ್ರಾಂ ಗ್ಲುಕೋಸ್ ಬೇಕು. ರಾತ್ರಿ ಉಂಡು ಮಲಗಿದವರು ಬೆಳಗ್ಗೆ ಏಳುವುದು ಹೇಗೆ? ಯಕೃತ್ತು ಗ್ಲೈಕೋಜನ್ ಆಗಿ ಕೂಡಿಟ್ಟದ್ದನ್ನು ಗ್ಲುಕಗಾನ್ ಎಂಬ ಹಾರ್ಮೋನು ಹೇಳಿದಾಗ ಸ್ವಲ್ಪಸ್ವಲ್ಪವಾಗಿ ಬಿಡುತ್ತಿರುತ್ತದೆ. ಈ ಎರಡೂ ಹಾರ್ಮೋನು ಹುಟ್ಟುವ ಮೇದೋಜೀರಕ ಗ್ರಂಥಿ ಇಲ್ಲದ ದೇಹ ಹೇಗೆ ದಿನ ಕಳೆದೀತು ಎಂಬ ಪ್ರಶ್ನೆ ಆಗ ಮಕ್ಕಳಿಂದಲೇ ಬರುತ್ತದೆ.

ಇಲ್ಲಿ ಪ್ರತಿ ವರ್ಷವೂ ಬೆಲ್ಲದ ಮಾತು ಬಂದೇ ಬರುತ್ತದೆ. ‘ಮಿಸ್, ನಮ್ಮಜ್ಜಿಗೆ ಶುಗರ್ ಐತೆ. ಸಕ್ಕರೆ ಆಗಲ್ಲ, ಬೆಲ್ಲ ಆಯ್ತದೆ ಅಂತ ದಿನಾ ಬೆಲ್ಲದ ಕಾಪಿ ಕುಡಿತದೆ.’ ಆಲೆಮನೆಯ ಹೊಗೆ ಕಾಣುವ ಊರಿನ ಮಗುವಿಗೆ ಬೆಲ್ಲ ಕೆಟ್ಟದ್ದು ಎಂದು ಹೇಳಿ ಮುಗಿಸುವುದು ಸರಿಯಲ್ಲ. ಅದು ಅವರ ಮನೆಯ ಅನ್ನ. ಕಬ್ಬಿನ ಹಾಲಿನಲ್ಲಿ ಏನಿದೆ, ಕೊಪ್ಪರಿಗೆಯಲ್ಲಿ ಕಾಯಿಸಿದಾಗ ಏನು ಹೋಗುತ್ತದೆ, ಏನು ಉಳಿಯುತ್ತದೆ ಎಂದು ಅವರಿಂದಲೇ ಹೇಳಿಸುತ್ತೇನೆ. ಹೋಗುವುದು ನೀರು, ತೆಗೆಯುವುದು ಮಡ್ಡಿ. ಸಕ್ಕರೆ ಎಲ್ಲಿಗೂ ಹೋಗಿಲ್ಲ. ಬೆಲ್ಲದಲ್ಲಿ ಒಂದಿಷ್ಟು ಖನಿಜ ಉಳಿದಿರುತ್ತದೆ ನಿಜ, ಆದರೆ ಅದರ ಬಹುಪಾಲು ಸುಕ್ರೋಸೇ. ಕರುಳಿಗೆ ಹೋದ ಮೇಲೆ ಅದು ಗ್ಲುಕೋಸ್ ಮತ್ತು ಫ್ರಕ್ಟೋಸ್ ಆಗುತ್ತದೆ, ಚಹಾಕ್ಕೆ ಹಾಕಿದ ಸಕ್ಕರೆಯ ಹಾಗೆಯೇ. ಈ ಮಾತನ್ನು ಮಕ್ಕಳು ಮನೆಗೆ ಒಯ್ಯುತ್ತಾರೆ, ಅಜ್ಜಿಯ ಹತ್ತಿರ ಜಗಳವಾಡಿಕೊಂಡೂ ಬರುತ್ತಾರೆ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಮೊದಲು ಇನ್ಸುಲಿನ್ ಚುಚ್ಚಿಸಿಕೊಂಡ ಮಧುಮೇಹಿ 14 ವರ್ಷದ ಹುಡುಗ ಎಂದು ಹೇಳಿದ ದಿನ ತರಗತಿ ತುಂಬ ಹೊತ್ತು ಪ್ರಶ್ನೆ ಕೇಳಿತು. ಅವರಿಗಿಂತ ಒಂದು ವರ್ಷ ಚಿಕ್ಕವನು.

ಪ್ರಾರ್ಥನೆಯ ಹೊತ್ತಿನಲ್ಲಿ ಮಗು ತಲೆಸುತ್ತಿ ಬಿದ್ದರೆ ‘ತಿಂಡಿ ತಿಂದು ಬಂದಿಲ್ಲ’ ಎಂದು ನಾವೆಲ್ಲ ಹೇಳಿಬಿಡುತ್ತೇವೆ. ಹಸಿವೂ ಇರಬಹುದು. ಆದರೆ ಅಲುಗಾಡದೆ ನಿಂತಾಗ ರಕ್ತ ಕಾಲಿನ ಕಡೆ ಇಳಿದು ನಿಲ್ಲುತ್ತದೆ. ಅದನ್ನು ಮೇಲಕ್ಕೆ ತಳ್ಳಬೇಕಾದ ಮೀನಖಂಡ ಕೆಲಸ ಮಾಡುತ್ತಿಲ್ಲ, ಮಿದುಳಿಗೆ ರಕ್ತ ಕಡಿಮೆಯಾಗುತ್ತದೆ. ಬಿದ್ದ ಮಗುವನ್ನು ಎತ್ತಿ ಕೂರಿಸಲು ಎಲ್ಲರೂ ಓಡುತ್ತಾರೆ. ಮಾಡಬೇಕಾದದ್ದು ಮಲಗಿದ್ದಂತೆಯೇ ಬಿಟ್ಟು ಕಾಲನ್ನು ಸ್ವಲ್ಪ ಎತ್ತರಿಸುವುದು. ಈಗ ನಮ್ಮ ಸಾಲಿನಲ್ಲಿ ಮಕ್ಕಳು ನಿಂತಲ್ಲೇ ಹಿಮ್ಮಡಿ ಎತ್ತಿ ಇಳಿಸುತ್ತಾರೆ. ನಾನು ಬೈಯುವುದಿಲ್ಲ.

ನೀರಿನ ಪಾಠ ನನಗೆ ಬೇರೊಂದು ವಿಷಯವನ್ನು ತಿಳಿಸಿತು. ಬೆವರು ಹೋಗಿ ರಕ್ತ ಸ್ವಲ್ಪ ಗಟ್ಟಿಯಾದರೂ ಮಿದುಳಿನ ಹೈಪೋಥಲಾಮಸ್ ಎಂಬ ಭಾಗ ಅದನ್ನು ಗುರುತಿಸುತ್ತದೆ. ಬಾಯಾರಿಕೆ ಹುಟ್ಟುತ್ತದೆ, ಪಿಟ್ಯುಟರಿ ಗ್ರಂಥಿಯಿಂದ ನೀರು ಉಳಿಸುವ ಹಾರ್ಮೋನು ಎ.ಡಿ.ಎಚ್. ಬಿಡುಗಡೆಯಾಗುತ್ತದೆ, ನೆಫ್ರಾನಿನ ಸಂಗ್ರಾಹಕ ನಾಳ ಹೆಚ್ಚು ನೀರನ್ನು ಹಿಂದಕ್ಕೆ ಹೀರುತ್ತದೆ, ಮೂತ್ರ ಕಡಿಮೆಯಾಗಿ ಬಣ್ಣ ಗಾಢವಾಗುತ್ತದೆ. ಕಬ್ಬು ಕಡಿಯುವ ಅಪ್ಪನ ಪ್ರಶ್ನೆಗೆ ಉತ್ತರವೂ ಇದೇ. ಇದನ್ನು ಹೇಳಿದ ಮೇಲೆ ಕೆಲವು ಹುಡುಗಿಯರು ಸ್ಟಾಫ್ ರೂಮಿನ ಹತ್ತಿರ ಬಂದು ನಿಂತರು. ಬೆಳಗ್ಗೆ ಮನೆ ಬಿಟ್ಟರೆ ಸಂಜೆಯವರೆಗೆ ನೀರು ಕುಡಿಯುವುದಿಲ್ಲ ಎಂದರು. ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲ, ಒಳಗೆ ನೀರು ಬರುವುದಿಲ್ಲ, ಅದಕ್ಕೆ. ಬಾಟಲಿ ತರುತ್ತಾರೆ, ತುಂಬಿದ್ದು ತುಂಬಿದಂತೆ ವಾಪಸ್ ಒಯ್ಯುತ್ತಾರೆ. ತಿಂಗಳ ದಿನಗಳಲ್ಲಿ ಇನ್ನೂ ಕಷ್ಟ. ಮೂತ್ರದಲ್ಲಿ ಉರಿ ಎಂದು ಇಬ್ಬರು ಆಗಲೇ ಆಸ್ಪತ್ರೆಗೂ ಹೋಗಿ ಬಂದಿದ್ದರು. ಮೂತ್ರಪಿಂಡದ ಬಗ್ಗೆ ಐದು ಅಂಕದ ಉತ್ತರ ಬರೆಯಬಲ್ಲ ಮಕ್ಕಳು ತಮ್ಮ ಮೂತ್ರಪಿಂಡವನ್ನು ಹೀಗೆ ದುಡಿಸುತ್ತಿದ್ದರು. ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಇದನ್ನು ಎತ್ತಿದೆ, ತಾಯಂದಿರು ದನಿಗೂಡಿಸಿದರು. ಚಿಲಕ ಬಂತು, ಡ್ರಮ್ಮಿನಲ್ಲಿ ನೀರು ತುಂಬಿಡುವ ವ್ಯವಸ್ಥೆಯಾಯಿತು. ನಲ್ಲಿ ಸಂಪರ್ಕಕ್ಕೆ ಇನ್ನೂ ಅರ್ಜಿ ಹಾಕುತ್ತಲೇ ಇದ್ದೇವೆ. ಜೀವಶಾಸ್ತ್ರ ಹೇಳುವ ಹೆಣ್ಣುಮಕ್ಕಳೇ, ಈ ಪಾಠ ಮಾಡುವಾಗ ನಿಮ್ಮ ಶಾಲೆಯ ಹುಡುಗಿಯರನ್ನು ಒಮ್ಮೆ ಪ್ರತ್ಯೇಕವಾಗಿ ಕೇಳಿ.

ಹುಡುಗರಿಗೆ ಕಡ್ಡಾಯವಾಗಿ ಹೇಳುವುದು ಉಸಿರಿನ ಪಾಠ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯಲ್ಲಿ ಯಾರು ಹೆಚ್ಚು ಹೊತ್ತು ಮುಳುಗಿರುತ್ತಾರೆ ಎಂದು ಪಂದ್ಯ ಕಟ್ಟುವುದು ಇಲ್ಲಿ ಮಾಮೂಲು. ಮುಳುಗುವ ಮುಂಚೆ ಜೋರುಜೋರಾಗಿ ಹತ್ತಿಪ್ಪತ್ತು ಸಲ ಉಸಿರೆಳೆದರೆ ಹೆಚ್ಚು ಹೊತ್ತು ಇರಬಹುದು ಎಂದು ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡುತ್ತಾರೆ. ಹೆಚ್ಚು ಹೊತ್ತು ಇರಬಹುದು ಎನ್ನುವುದು ಸುಳ್ಳಲ್ಲ, ಅಪಾಯ ಇರುವುದೇ ಅಲ್ಲಿ. ಹಿಮೋಗ್ಲೋಬಿನ್ ಮೊದಲೇ ನೂರಕ್ಕೆ 97-98ರಷ್ಟು ಆಕ್ಸಿಜನ್ ತುಂಬಿಕೊಂಡಿರುತ್ತದೆ. ಎಷ್ಟು ಎಳೆದರೂ ಅದು ಹೆಚ್ಚೇನೂ ಏರುವುದಿಲ್ಲ. ಇಳಿಯುವುದು ಕಾರ್ಬನ್ ಡೈಆಕ್ಸೈಡ್. ‘ಇನ್ನು ತಡೆಯಲಾರೆ, ಉಸಿರು ಬೇಕು’ ಎಂದು ಮಿದುಳನ್ನು ಎಬ್ಬಿಸುವುದು ಮುಖ್ಯವಾಗಿ ಆಕ್ಸಿಜನ್ ಕೊರತೆಯಲ್ಲ, ರಕ್ತದಲ್ಲಿ ಏರಿದ ಕಾರ್ಬನ್ ಡೈಆಕ್ಸೈಡ್. ಅದನ್ನು ಮೊದಲೇ ಹೊರಹಾಕಿಕೊಂಡವನಿಗೆ ಆ ಎಚ್ಚರಿಕೆ ತಡವಾಗಿ ಬರುತ್ತದೆ. ಅಷ್ಟರಲ್ಲಿ ಆಕ್ಸಿಜನ್ ಮುಗಿದು ನೀರೊಳಗೇ ಪ್ರಜ್ಞೆ ತಪ್ಪುತ್ತದೆ. ಒದ್ದಾಟವಿಲ್ಲ, ಕೂಗಿಲ್ಲ. ದಡದಲ್ಲಿ ನಿಂತವರು ಇನ್ನೂ ಪಂದ್ಯದಲ್ಲೇ ಇದ್ದಾನೆ ಎಂದುಕೊಳ್ಳುತ್ತಾರೆ. ಚೆನ್ನಾಗಿ ಈಜು ಬರುವವರಿಗೂ ಹೀಗಾಗುತ್ತದೆ. ಈ ಒಂದು ವಿಷಯವನ್ನು ಪರೀಕ್ಷೆಗೆ ಬರಲಿ ಬಿಡಲಿ, ಪ್ರತಿ ಹುಡುಗನಿಂದಲೂ ಬಾಯಿಬಿಟ್ಟು ಹೇಳಿಸುತ್ತೇನೆ.

ಇಷ್ಟಕ್ಕೆಲ್ಲ ಪೀರಿಯಡ್ ಎಲ್ಲಿ ಸಿಗುತ್ತದೆ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಎಸ್ಸೆಸ್ಸೆಲ್ಸಿಗೆ ಹೃದಯದ ಚಿತ್ರ, ನೆಫ್ರಾನಿನ ಚಿತ್ರ ಬರೆಯಲು ಬರಲೇಬೇಕು, ಭಾಗಗಳನ್ನು ಗುರುತಿಸಲೇಬೇಕು. ಅದನ್ನು ನಾನು ಬಿಟ್ಟಿಲ್ಲ. ಕೊನೆಗೆ ಮಾಡುತ್ತೇನೆ, ಆಗ ಬೇಗ ಮುಗಿಯುತ್ತದೆ. ಆ ಅಂಗ ಏನು ಮಾಡುತ್ತದೆ ಎಂದು ಗೊತ್ತಿದ್ದವರಿಗೆ ಅದರ ಆಕಾರ ಉರುಹೊಡೆಯಬೇಕಾಗಿಲ್ಲ.

ಪಾಠ ಅರ್ಥವಾಗಿದೆಯೇ ಎಂದು ನೋಡಲು ಕೊನೆಯಲ್ಲಿ ನಾನು ಕೇಳುವ ಪ್ರಶ್ನೆ ಒಂದೇ: ಜ್ವರ ಬಂದು ಮೈ 39 ಡಿಗ್ರಿ ಸೆಲ್ಸಿಯಸ್ ಕಾದಿದ್ದರೂ ಕಂಬಳಿ ಹೊದ್ದು ಗಡಗಡ ನಡುಗುವುದು ಯಾಕೆ? ಸಾಮಾನ್ಯವಾಗಿ 37ರ ಆಸುಪಾಸಿನಲ್ಲಿ ಇಡಬೇಕಾದ ಗುರಿಯನ್ನೇ ಸೋಂಕಿನ ಕಾಲದಲ್ಲಿ ಹೈಪೋಥಲಾಮಸ್ ಮೇಲಕ್ಕೆ ಏರಿಸಿಕೊಂಡಿರುತ್ತದೆ. ಹೊಸ ಗುರಿಗೆ ಹೋಲಿಸಿದರೆ ಮೈ ಇನ್ನೂ ತಣ್ಣಗಿದೆ, ಅದಕ್ಕೇ ಸ್ನಾಯು ನಡುಗಿಸಿ ಶಾಖ ಹುಟ್ಟಿಸುತ್ತದೆ. ಗುರಿ ಕೆಳಗೆ ಬಂದಾಗ ಬೆವರು ಬಿಟ್ಟು ಜ್ವರ ಇಳಿಯುತ್ತದೆ. ಈ ಸಲ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಇದನ್ನು ಸರಿಯಾಗಿ ಹೇಳಿ, ‘ಹಂಗಾದ್ರೆ ಬಿಸಿಲು ಬಡಿದು ಮೈ ಕಾದಾಗ್ಲೂ ಜ್ವರದ ಮಾತ್ರೆ ಕೊಡ್ಬೋದಾ ಮಿಸ್?’ ಎಂದು ಕೇಳಿದಳು. ಉತ್ತರವನ್ನು ಅವಳ ಪಕ್ಕದವನು ಹೇಳಿದ. ಅಲ್ಲಿ ಗುರಿ ಏರಿಲ್ಲ, 37ರಲ್ಲೇ ಇದೆ. ತಣ್ಣಗಾಗಿಸುವ ಏರ್ಪಾಡೇ ಸೋತು ಹೋಗಿದೆ. ಆದ್ದರಿಂದ ಮಾತ್ರೆ ಕೆಲಸ ಮಾಡುವುದಿಲ್ಲ. ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಹಾಕಿ ಗಾಳಿ ಬೀಸುತ್ತಾ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.